ಗೋಡೆಯಿಲ್ಲದ ಸೆರೆಮನೆಯ ಊರು

ಹಳ್ಳಿಯ ಪುಂಡನೊಬ್ಬ ತಿದ್ದಿಕೊಂಡು ಒಳ್ಳೆಯವನಾಗುವ ಕಥೆ ಮರಾಠಿ ಸಿನಿಮಾಕ್ಕೆ ಹೊಸತಲ್ಲ. ಸಂತೆಯಲ್ಲಿ ಮೀಸೆ ತಿರುವುತ್ತ ಊರನ್ನೇ ನಡುಗಿಸಿದವನು ಕೊನೆಯ ರೀಲಿನ ಹೊತ್ತಿಗೆ ನೇಗಿಲು ಹಿಡಿದಿರುತ್ತಾನೆ. ಪ್ರೇಕ್ಷಕರು ಹೊಟ್ಟೆ ತುಂಬ ನಕ್ಕು, ಇದೆಲ್ಲ ಸಿನಿಮಾದಲ್ಲಿ ಮಾತ್ರ ಎಂದುಕೊಂಡು ಮನೆಗೆ ಹೋಗುತ್ತಾರೆ. ಆದರೆ ಈ ಮಾತನ್ನು ಸುಳ್ಳು ಮಾಡುವ ಜಾಗವೊಂದು ಕರ್ನಾಟಕದ ಗಡಿಯಿಂದ ಬಹಳ ದೂರವೇನೂ ಇಲ್ಲ.

ವಿಜಯಪುರ ಜಿಲ್ಲೆಯನ್ನು ದಾಟಿ ಜತ್ತದ ಆಚೆಗೆ ಸಾಗಿದರೆ ಸಾಂಗಲಿ ಜಿಲ್ಲೆಯ ಆಟಪಾಡಿ ಸಿಗುತ್ತದೆ. ಮಳೆಯ ಮೋಡಗಳು ಸಹ್ಯಾದ್ರಿಯಲ್ಲೇ ಬರಿದಾಗುವುದರಿಂದ ಈ ಸೀಮೆಗೆ ಉಳಿಯುವುದು ಅಲ್ಪಸ್ವಲ್ಪ ಹನಿ ಮಾತ್ರ. ಕಲ್ಲು ನೆಲ, ಜಾಲಿಯ ಮರ, ಕುರಿಮಂದೆ, ಹೆಗಲ ಮೇಲೆ ಕಂಬಳಿ ಹೊತ್ತ ಧನಗರರು. ನಮ್ಮ ಬಯಲುಸೀಮೆಯವರಿಗೆ ಇದು ಪರಊರು ಅನ್ನಿಸುವುದೇ ಇಲ್ಲ. ಟೆಂಭೂ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಕಡೆಗೆ ಬಂದಿದೆ, ದಾಳಿಂಬೆ ತೋಟಗಳು ಹಬ್ಬಿವೆ. ಇದೇ ಆಟಪಾಡಿಯ ಮಗ್ಗುಲಲ್ಲಿ ಸ್ವತಂತ್ರಪುರವಿದೆ. ಹೆಸರು ಸ್ವತಂತ್ರಪುರ, ಆದರೆ ಅದೊಂದು ಸೆರೆಮನೆ.

ಇದರ ಮೂಲ ತಿಳಿಯಬೇಕಾದರೆ ಔಂಧ ಸಂಸ್ಥಾನದ ಕಡೆಗೆ ಹೊರಳಬೇಕು. ಎಪ್ಪತ್ತೆರಡು ಹಳ್ಳಿಗಳ ಈ ಪುಟ್ಟ ಸಂಸ್ಥಾನದ ನೆಲ ಒಂದೇ ಕಡೆ ಇರಲಿಲ್ಲ. ಔಂಧ, ಕುಂಡಲ, ಆಟಪಾಡಿಗಳ ಜೊತೆಗೆ ವಿಜಯಪುರ ಜಿಲ್ಲೆಯ ಗುಣದಾಳವೂ ಅದಕ್ಕೇ ಸೇರಿತ್ತು. ಕನ್ನಡ ಹಳ್ಳಿಗಳೂ ಔಂಧದ ಅರಸರ ಆಳ್ವಿಕೆಯಲ್ಲಿದ್ದವು. ಅರಸರಾದ ಭವಾನರಾವ್ ಪಂತ ಪ್ರತಿನಿಧಿಯವರು ಚಿತ್ರಕಾರರು, ಸೂರ್ಯನಮಸ್ಕಾರದ ದೊಡ್ಡ ಪ್ರಚಾರಕರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿ ಕಬ್ಬಿಣದ ನೇಗಿಲು ತಯಾರಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಅಲ್ಲಿ ಜಾಗ ಕಳೆದುಕೊಂಡಾಗ, 1910ರಲ್ಲಿ ಕುಂಡಲದ ಬಳಿ ನೆಲ ಕೊಟ್ಟವರು ಇವರೇ. ಕಿರ್ಲೋಸ್ಕರವಾಡಿ ಹುಟ್ಟಿದ್ದು ಹಾಗೆ. ಬರಡು ನೆಲದ ಆ ಹೊಸ ಊರಿಗೆ ಕಳ್ಳರ ಭಯವಿತ್ತು. ಕಿರ್ಲೋಸ್ಕರರು ಏನು ಮಾಡಿದರು ಗೊತ್ತೇ? ಸೆರೆಮನೆ ಕಂಡು ಬಂದವರನ್ನೇ ರಾತ್ರಿ ಕಾವಲಿಗೆ ನೇಮಿಸಿದರು!

ಅದೇ ಸಂಸ್ಥಾನದಲ್ಲಿ ಮುಂದೆ ಇನ್ನೂ ದೊಡ್ಡ ಪ್ರಯೋಗ ನಡೆಯಿತು. ಅದರ ಹಿಂದಿದ್ದವರು ಪೋಲೆಂಡಿನ ಎಂಜಿನಿಯರ್ ಮಾರಿಸ್ ಫ್ರಿಡ್‌ಮನ್. ಬೆಂಗಳೂರಿನ ಸರ್ಕಾರಿ ವಿದ್ಯುತ್ ಉಪಕರಣ ಕಾರ್ಖಾನೆಯನ್ನು ನೋಡಿಕೊಳ್ಳಲು ಮೈಸೂರು ಸಂಸ್ಥಾನಕ್ಕೆ ಬಂದವರು ಗಾಂಧೀಜಿಯ ಪ್ರಭಾವಕ್ಕೆ ಸಿಕ್ಕು, ಭಾರತಾನಂದ ಎನ್ನಿಸಿಕೊಂಡು, ಖಾದಿ ತೊಟ್ಟು ಔಂಧಕ್ಕೆ ಹೋದರು. 1939ರಲ್ಲಿ ಅರಸರು ಅಧಿಕಾರವನ್ನು ಪ್ರಜೆಗಳಿಗೆ ಒಪ್ಪಿಸುವ ಸಂವಿಧಾನ ತಂದರು. ಗಾಂಧೀಜಿಯ ಸಲಹೆಯಿದ್ದ ಆ ಕೆಲಸದಲ್ಲಿ ಫ್ರಿಡ್‌ಮನ್ನರೂ, ಅರಸರ ಮಗ ಅಪ್ಪಾ ಪಂತರೂ ಮುಂದೆ ನಿಂತರು. ಸ್ವತಂತ್ರಪುರ ಶುರುವಾದದ್ದೂ ಅದೇ ವರ್ಷ. ಪ್ರಜೆಗಳನ್ನು ನಂಬಿದ ಮೇಲೆ ಕೈದಿಗಳನ್ನು ಯಾಕೆ ನಂಬಬಾರದು ಎಂಬುದು ಅಲ್ಲಿನ ಪ್ರಶ್ನೆ. ಎತ್ತರದ ಗೋಡೆಯಿಲ್ಲ, ಕಾಲಿಗೆ ಸರಪಳಿಯಿಲ್ಲ. ಇರುವುದು ಉಳುವ ನೆಲ, ವಾಸಕ್ಕೆ ಮನೆ, ಜೊತೆಗೆ ಹೆಂಡತಿ ಮಕ್ಕಳು.

ಈ ಕಥೆ ದೇಶಕ್ಕೆಲ್ಲ ಗೊತ್ತಾದದ್ದು ಸಿನಿಮಾದಿಂದ. ಮರಾಠಿಯ ಹೆಸರಾಂತ ಕವಿ ಗ. ದಿ. ಮಾಡಗೂಳಕರರು ಹುಟ್ಟಿದ್ದು ಇದೇ ಆಟಪಾಡಿ ಸೀಮೆಯ ಶೇಟಫಳೆಯಲ್ಲಿ. ಅವರು ಬರೆದ ಕಥೆಯನ್ನು ವಿ. ಶಾಂತಾರಾಮ್ 1957ರಲ್ಲಿ ‘ದೋ ಆಂಖೇಂ ಬಾರಹ್ ಹಾಥ್’ ಎಂಬ ಹಿಂದಿ ಚಿತ್ರವಾಗಿ ತೆಗೆದರು. ಕೊಲ್ಹಾಪುರದವರಾದ ಶಾಂತಾರಾಮ್ ಹುಡುಗನಾಗಿದ್ದಾಗ ಹುಬ್ಬಳ್ಳಿಯ ತಗಡಿನ ಚಿತ್ರಮಂದಿರದಲ್ಲಿ ದುಡಿದವರು. ಆರು ಮಂದಿ ಕೊಲೆಗಾರರನ್ನು ಜೈಲಿನಿಂದ ಬಿಡಿಸಿ ಬರಡು ಹೊಲಕ್ಕೆ ಕರೆತರುವ ಅಧಿಕಾರಿಯ ಪಾತ್ರವನ್ನು ಅವರೇ ಮಾಡಿದರು. ಹನ್ನೆರಡು ಕೈಗಳು ಕೈದಿಗಳವು, ಎರಡು ಕಣ್ಣುಗಳು ಅಧಿಕಾರಿಯವು. ಆಟಿಕೆ ಮಾರುವ ಚಂಪಾ ಬಂದಾಗಲೆಲ್ಲ ಆ ಒರಟು ಗಂಡಸರು ಪೆಚ್ಚಾಗುವುದು ನಗೆ ತರಿಸುತ್ತದೆ. ಆದರೆ ಸಂತೆಯಲ್ಲಿ ತರಕಾರಿಯನ್ನು ನ್ಯಾಯದ ಬೆಲೆಗೆ ಮಾರಿದ ತಪ್ಪಿಗೆ ವ್ಯಾಪಾರಿಗಳ ಕಡೆಯವರಿಂದ ಹೊಡೆತ ತಿಂದರೂ, ಕೊಟ್ಟ ಮಾತಿಗೆ ಕಟ್ಟುಬಿದ್ದು ಕೈ ಎತ್ತದೆ ನಿಲ್ಲುವಾಗ ನಗು ಗಂಟಲಲ್ಲೇ ಉಳಿಯುತ್ತದೆ. 1958ರಲ್ಲಿ ಬರ್ಲಿನ್ ಚಿತ್ರೋತ್ಸವದ ಬೆಳ್ಳಿ ಕರಡಿ ಪ್ರಶಸ್ತಿ ಈ ಚಿತ್ರಕ್ಕೆ ಬಂತು.

ಸಿನಿಮಾ ಎರಡೂವರೆ ತಾಸಿನೊಳಗೆ ಮುಗಿಯುತ್ತದೆ, ಸ್ವತಂತ್ರಪುರ ಮುಗಿಯಲಿಲ್ಲ. 1948ರಲ್ಲಿ ಔಂಧ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು, ಅರಸೊತ್ತಿಗೆ ಹೋಯಿತು. ಸೆರೆಮನೆ ಉಳಿಯಿತು. ಇಂದು ಅದು ಮಹಾರಾಷ್ಟ್ರ ಕಾರಾಗೃಹ ಇಲಾಖೆಯ ಬಯಲು ವಸಾಹತು. ಬಂದವರನ್ನೆಲ್ಲ ಇಲ್ಲಿಗೆ ಕಳುಹಿಸುವುದಿಲ್ಲ. ಗೋಡೆಯೊಳಗಿನ ಜೈಲಿನಲ್ಲಿ ವರ್ಷಗಟ್ಟಲೆ ಒಳ್ಳೆಯ ನಡತೆ ತೋರಿದವರಿಗೆ ಮಾತ್ರ ಈ ಅವಕಾಶ. ಅಂಥ ಬಯಲು ಬಂದೀಖಾನೆ ನಮ್ಮಲ್ಲೂ ಇದೆ, ದೇವನಹಳ್ಳಿ ತಾಲೂಕಿನ ಕೋರಮಂಗಲದಲ್ಲಿ.

ಆ ಕಡೆ ಪ್ರವಾಸ ಹೋಗುವ ವಿದ್ಯಾರ್ಥಿಗಳು ಔಂಧದ ಗುಡ್ಡದ ಮೇಲಿರುವ ಭವಾನಿ ವಸ್ತುಸಂಗ್ರಹಾಲಯವನ್ನು ನೋಡಬಹುದು. 1938ರಲ್ಲಿ ತೆರೆದ ಅಲ್ಲಿ ಅರಸರು ಸಂಗ್ರಹಿಸಿದ ಚಿತ್ರಗಳೂ ಶಿಲ್ಪಗಳೂ ಇವೆ. ಮಿರಜ-ಪುಣೆ ರೈಲು ಮಾರ್ಗದಲ್ಲಿ ಕಿರ್ಲೋಸ್ಕರವಾಡಿ ನಿಲ್ದಾಣವೂ ಸಿಗುತ್ತದೆ. ಸ್ವತಂತ್ರಪುರ ಮಾತ್ರ ಪ್ರೇಕ್ಷಣೀಯ ಸ್ಥಳವಲ್ಲ. ಗೋಡೆಯಿಲ್ಲದಿದ್ದರೂ ಅದು ಸೆರೆಮನೆ, ಅದಕ್ಕಿಂತ ಹೆಚ್ಚಾಗಿ ಕೆಲವು ಸಂಸಾರಗಳ ಮನೆ. ಇಲಾಖೆಯ ಅನುಮತಿಯಿಲ್ಲದೆ ಇಣುಕುವುದು ಸಲ್ಲದು.

ತಪ್ಪು ಮಾಡಿದವನನ್ನು ನಂಬುವುದೆಂದರೆ ಸುಮ್ಮನೆ ಬಿಟ್ಟುಬಿಡುವುದಲ್ಲ ಎಂಬುದು ಆಟಪಾಡಿಯ ಪಾಠ. ಅಲ್ಲಿ ನಂಬಿಕೆಯ ಜೊತೆಗೆ ಬೆವರು ಸುರಿಸುವ ಕೆಲಸವನ್ನೂ, ಕಾಯುವ ಸಂಸಾರವನ್ನೂ ಕೊಟ್ಟರು. ಓಡಿಹೋಗುವ ದಾರಿ ಪ್ರತಿ ರಾತ್ರಿಯೂ ತೆರೆದೇ ಇರುತ್ತದೆ. ಬೆಳಿಗ್ಗೆ ಎದ್ದು ಆ ದಾರಿ ಬಿಟ್ಟು ಹೊಲದ ಕಡೆಗೆ ನಡೆಯುವವನು ಪ್ರತಿ ದಿನವೂ ಒಂದು ಪರೀಕ್ಷೆ ಪಾಸು ಮಾಡುತ್ತಾನೆ. ಅಂಕಪಟ್ಟಿಯನ್ನಷ್ಟೇ ನೋಡಿ ಮಗನನ್ನೋ ಮಗಳನ್ನೋ ಕೈಬಿಡುವ ಮನೆಗಳಲ್ಲಿ ಈ ಊರಿನ ಹೆಸರನ್ನು ಒಮ್ಮೆ ನೆನೆದರೆ ಒಳ್ಳೆಯದು.