ಬೋಳುತಲೆಗೆ ಮತ್ತೆ ಜುಟ್ಟು

ನಮ್ಮೂರಿನಿಂದ ಬೆಂಗಳೂರಿಗೆ ಹೊರಟ ಕೆಂಪು ಬಸ್ಸು ರಾಮನಗರ ಮುಟ್ಟುತ್ತಲೇ ನನ್ನ ಸೋದರಮಾವ ಕಿಟಕಿಯಾಚೆ ಕೈ ಚಾಚಿ, “ಅಗೋ ನೋಡ್ಲಾ, ಗಬ್ಬರ್ ಸಿಂಗು ಕೂತಿದ್ದ ಬಂಡೆ” ಅನ್ನುತ್ತಿದ್ದ. ಪ್ರತಿ ಸಲವೂ ಬೇರೆ ಬಂಡೆ. “ಹೋದ ಸಲ ಆ ಕಡೇದು ಅಂದಿದ್ದೆಯಲ್ಲ ಮಾವ?” ಎಂದರೆ, “ಗಬ್ಬರ್ ಒಂದೇ ಕಡೆ ಕೂತಿರ್ತಾನೇನ್ಲಾ, ಪೊಲೀಸ್ನೋರು ಸುಮ್ನೆ ಬಿಟ್ಟಾರಾ?” ಎಂದು ಬಾಯಿ ಮುಚ್ಚಿಸುತ್ತಿದ್ದ.

ಆ ಗಬ್ಬರನ ‘ಶೋಲೆ’ ಚಿತ್ರವನ್ನು ನಾನು ನೋಡಿದ್ದು ಟೆಂಟಿನಲ್ಲಿ. ನೆಲದ ಟಿಕೆಟ್ಟು, ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂತಿದ್ದೆ. ಆ ವಯಸ್ಸಿಗೆ ಸಿನಿಮಾ ಎಂದರೆ ಮಳೆ ಇದ್ದ ಹಾಗೆ, ಮೇಲಿಂದ ಬೀಳುವಂಥದ್ದು. ಅದಕ್ಕೂ ಅಪ್ಪ, ಅಜ್ಜ ಇರುತ್ತಾರೆಂದು ಹೊಳೆದಿರಲಿಲ್ಲ. ‘ಶೋಲೆ’ಯ ಚಿಕ್ಕಪ್ಪ ಇಟಲಿಯಲ್ಲಿ, ಅಜ್ಜ ಜಪಾನಿನಲ್ಲಿ ಇದ್ದಾರೆಂದು ಗೊತ್ತಾಗುವ ಹೊತ್ತಿಗೆ ನನಗೆ ಮೀಸೆ ಬಂದಿತ್ತು. ಮೊಮ್ಮಗನ ಮದುವೆಯ ಊಟ ಮುಗಿಸಿ ಬಂದು ಅಜ್ಜನ ನಾಮಕರಣಕ್ಕೆ ಹೋದಂತಾಯಿತು.

ಅಂದಿನಿಂದ ಹತ್ತಿದ ಗೀಳು ಇದು: ಒಂದು ಜಾತಿಯ ಸಿನಿಮಾ ಎಲ್ಲಿ ಮಗ್ಗುಲು ಬದಲಿಸಿತು ಎಂದು ಹುಡುಕುವುದು. ಸ್ಟಾಂಪು, ನಾಣ್ಯ ಕೂಡಿಡುವವರಿಗಿಂತ ನನ್ನ ಕಷ್ಟ ದೊಡ್ಡದು. ಯಾಕೆಂದರೆ ಹಾಗೆ ಮಗ್ಗುಲು ಬದಲಿಸಿದ ಚಿತ್ರಗಳು ಕಣ್ಣಿಗೆ ಕಾಣಿಸಿಕೊಳ್ಳುವುದೇ ಕಷ್ಟ. ಅವು ಹೊಸದಾಗಿ ಮಾಡಿದ್ದನ್ನೆಲ್ಲ ಆಮೇಲೆ ಬಂದವರು ಕದ್ದು, ಹಂಚಿಕೊಂಡು, ತೇಗಿ ಆಗಿರುತ್ತದೆ. ತಡವಾಗಿ ಹೋದವನಿಗೆ ಮೂಲವೇ ಕದ್ದ ಮಾಲಿನ ಹಾಗೆ ಕಾಣುತ್ತದೆ.

ಅಕಿರ ಕುರೊಸಾವಾ ಅವರ ‘ಸೆವೆನ್ ಸಮುರಾಯ್’ (1954) ನನಗೆ ಸಿಕ್ಕಿದ್ದು ಬೆಂಗಳೂರಿನ ಒಂದು ಫಿಲ್ಮ್ ಸೊಸೈಟಿಯಲ್ಲಿ. ಮೂರು ಗಂಟೆ ಇಪ್ಪತ್ತೇಳು ನಿಮಿಷದ ಚಿತ್ರ. ಪ್ರೊಜೆಕ್ಟರ್ ಓಡಿಸುವವನು ಅವತ್ತು ಒಂದು ರೀಲನ್ನು ಅದಲು ಬದಲು ಮಾಡಿಬಿಟ್ಟ. ಯೋಧರ ನಾಯಕ ಕಾಂಬೆ ಬೋಳುತಲೆ ಸವರಿಕೊಳ್ಳುತ್ತ ಜೊತೆಗಾರರನ್ನು ಆರಿಸುತ್ತಿದ್ದಾನೆ. ಸ್ವಲ್ಪ ಹೊತ್ತಿಗೆ ಅದೇ ಕಾಂಬೆ ತಲೆತುಂಬ ಕೂದಲು, ಮೇಲೊಂದು ಜುಟ್ಟು ಇಟ್ಟುಕೊಂಡು ಹೊಳೆಯ ದಡದಲ್ಲಿ ಕೂತಿದ್ದಾನೆ! ಸಭೆಯಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಎಲ್ಲರೂ ಕಲಾತ್ಮಕ ಚಿತ್ರ ನೋಡಲು ಬಂದವರು, ಇದೂ ಕಲೆಯೇ ಇರಬೇಕೆಂದು ತಲೆದೂಗಿದರು. ಆಚೆ ಬಂದು ಕಾಫಿ ಕುಡಿಯುವಾಗ ಗೆಳೆಯನಿಗೆ ನಾನೇ “ಎಂಥಾ ಫ್ಲ್ಯಾಶ್‌ಬ್ಯಾಕು ಮಾರಾಯ!” ಎಂದಿದ್ದೆ. ನಿಜ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಡಿವಿಡಿ ಕೊಂಡಾಗ.

ಆದರೆ ಆ ಎಡವಟ್ಟಿನಿಂದಲೇ ಆ ದೃಶ್ಯ ನನ್ನೊಳಗೆ ಕೂತಿತು. ಒಬ್ಬ ಕಳ್ಳ ಮಗುವನ್ನು ಹಿಡಿದುಕೊಂಡು ಕೊಟ್ಟಿಗೆಯೊಳಗೆ ಅಡಗಿದ್ದಾನೆ. ಕಾಂಬೆ ತನ್ನ ಜುಟ್ಟು ಬೋಳಿಸಿಕೊಂಡು, ಸನ್ಯಾಸಿಯ ನಿಲುವಂಗಿ ತೊಟ್ಟು, ಎರಡು ಅನ್ನದ ಉಂಡೆ ಹಿಡಿದು ಒಳಗೆ ಹೋಗುತ್ತಾನೆ. ಒಳಗೆ ಆದದ್ದನ್ನು ತೋರಿಸುವುದೇ ಇಲ್ಲ. ಕಳ್ಳ ಹೊರಗೆ ಬರುತ್ತಾನೆ, ನಿಧಾನಗತಿಯಲ್ಲಿ ಕುಸಿಯುತ್ತಾನೆ, ಅಷ್ಟೆ. ಮುಂದಿನ ಕತೆಗೂ ಈ ಕಳ್ಳನಿಗೂ ಸಂಬಂಧವೇ ಇಲ್ಲ. ಕಾಂಬೆ ಎಂಥ ಮನುಷ್ಯ ಎಂದು ತೋರಿಸಲು ಮಾತ್ರ ಬಂದು ಹೋದವನು. ಇಂದು ನಮ್ಮ ಪ್ರತಿ ಚಿತ್ರದಲ್ಲೂ ನಾಯಕ ಮೊದಲು ಯಾವುದೋ ಸಂಬಂಧವಿಲ್ಲದ ರೌಡಿಗಳನ್ನು ಬಡಿದು ಪ್ರವೇಶಿಸುತ್ತಾನಲ್ಲ, ಆ ಸರಕು ಇಲ್ಲಿಯದು. ವ್ಯತ್ಯಾಸ ಇಷ್ಟೇ: ಕಾಂಬೆ ಮಾನದ ಗುರುತಾದ ಜುಟ್ಟನ್ನು ಕಳೆದುಕೊಂಡು ಪ್ರವೇಶಿಸುತ್ತಾನೆ, ನಮ್ಮವರು ಕೂದಲು ಹಾರಿಸಿಕೊಂಡು.

ಕೊನೆಯ ಕಾಳಗ ಮಳೆಯಲ್ಲಿ, ಕೆಸರಿನಲ್ಲಿ. ಕುರೊಸಾವಾ ಅದನ್ನು ಏಕಕಾಲಕ್ಕೆ ಹಲವು ಕ್ಯಾಮೆರಾಗಳಲ್ಲಿ, ದೂರದ ಲೆನ್ಸುಗಳಲ್ಲಿ ಹಿಡಿದರು. ಕತ್ತಿವರಸೆ ಎಂದರೆ ಒಂದು ಬಗೆಯ ನೃತ್ಯ ಎಂಬಂತಿದ್ದ ಕಾಲದಲ್ಲಿ ಇಲ್ಲಿ ಯೋಧರು ಜಾರಿ ಬೀಳುತ್ತಾರೆ, ಏದುಸಿರು ಬಿಡುತ್ತಾರೆ. ಏಳು ಜನರಲ್ಲಿ ನಾಲ್ವರು ಸಾಯುತ್ತಾರೆ. ನಾಲ್ವರೂ ಸಾಯುವುದು ಕತ್ತಿಯಿಂದಲ್ಲ, ಕೋವಿಯ ಗುಂಡಿನಿಂದ. ಇದನ್ನು ನಾನು ಗಮನಿಸಿದ್ದು ಮೂರನೇ ಸಲ ನೋಡಿದಾಗ. ಆ ರಾತ್ರಿ ನಿದ್ದೆ ಬರಲಿಲ್ಲ ಎಂದರೆ ಮನೆಯವರು ನಗುತ್ತಾರೆ. ಹಾಲಿವುಡ್ಡು ಆರೇ ವರ್ಷದಲ್ಲಿ ಇದನ್ನು ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ ಮಾಡಿ ಕೌಬಾಯ್ ಟೋಪಿ ತೊಡಿಸಿತು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಂಗೀತ ಚೆನ್ನಾಗಿದೆ.

ನನಗೆ ಹೆಚ್ಚು ಪ್ರಿಯವಾದ ಕಳ್ಳತನ ಮುಂದಿನದು. 1961ರಲ್ಲಿ ಕುರೊಸಾವಾ ‘ಯೊಜಿಂಬೊ’ ಮಾಡಿದರು. ಎರಡು ಗುಂಪುಗಳು ಹೊಡೆದಾಡುವ ಊರಿಗೆ ಹೊಟ್ಟೆಪಾಡಿನ ಯೋಧನೊಬ್ಬ ಬರುತ್ತಾನೆ. ಎದುರಿಗೆ ಮನುಷ್ಯನ ಕತ್ತರಿಸಿದ ಕೈಯನ್ನು ಕಚ್ಚಿಕೊಂಡು ನಾಯಿಯೊಂದು ನಡೆದುಬರುತ್ತದೆ. ಹೆಸರೇನೆಂದು ಕೇಳಿದರೆ ಅವನು ಕಿಟಕಿಯಾಚೆ ನೋಡುತ್ತಾನೆ, ಹಿಪ್ಪುನೇರಳೆ ತೋಟ ಕಾಣುತ್ತದೆ. ಅದನ್ನೇ ಮನೆತನದ ಹೆಸರಾಗಿಸಿಕೊಂಡು, ವಯಸ್ಸು ಮೂವತ್ತೆಂದು ಸೇರಿಸಿ, ಒಂದು ಹೆಸರು ಕಟ್ಟಿಕೊಡುತ್ತಾನೆ. ಅಲ್ಲಿನ ಒಬ್ಬ ದೊಡ್ಡ ಮನುಷ್ಯ ರೇಷ್ಮೆ ವ್ಯಾಪಾರಿ. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ರಾಮನಗರವನ್ನು ಹಾದೇ ಬೆಳೆದ ನನಗೆ ಆ ಹಿಪ್ಪುನೇರಳೆ ಕಂಡು ನೆಂಟರು ಸಿಕ್ಕಷ್ಟು ಸಂತೋಷವಾಯಿತು.

ಈ ಕತೆಯನ್ನು ಇಟಲಿಯ ಸರ್ಜಿಯೊ ಲಿಯೋನೆ ಹಾಗೆಯೇ ಎತ್ತಿ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ (1964) ಮಾಡಿದ. ಚಿತ್ರೀಕರಣ ಸ್ಪೇನಿನಲ್ಲಿ, ನಾಯಕ ಹದಿನೈದು ಸಾವಿರ ಡಾಲರಿಗೆ ಒಪ್ಪಿಕೊಂಡ ಟಿವಿ ನಟ ಕ್ಲಿಂಟ್ ಈಸ್ಟ್‌ವುಡ್, ಇಟಲಿಯವರು ಮಾಡಿದ್ದೆಂದರೆ ಜನ ನೋಡಲಾರರೆಂದು ನಿರ್ದೇಶಕನ ಹೆಸರೇ ಬಾಬ್ ರಾಬರ್ಟ್‌ಸನ್ ಆಯಿತು. ಮೂಲದವರನ್ನು ಕೇಳಿರಲಿಲ್ಲ. ಜಪಾನಿನವರು ಕೋರ್ಟಿಗೆ ಹೋದರು. ಕೊನೆಗೆ ಗಳಿಕೆಯ ನೂರಕ್ಕೆ ಹದಿನೈದು ಪಾಲು ಕೊಟ್ಟು ರಾಜಿಯಾಯಿತು. ಗೋಲ್ಡೋನಿಯ ಹಳೆಯ ನಾಟಕದಲ್ಲೇ ಇಬ್ಬರು ಯಜಮಾನರ ಆಳು ಇದ್ದಾನಲ್ಲ ಎಂಬುದು ಲಿಯೋನೆಯ ವಾದ. ಸಿಕ್ಕಿಬಿದ್ದವರ ವಾದಗಳು ಯಾವಾಗಲೂ ಸೊಗಸಾಗಿರುತ್ತವೆ.

ಕದ್ದದ್ದು ಕತೆ; ಕಾಣಿಸಿದ್ದು, ಕೇಳಿಸಿದ್ದು ಮಾತ್ರ ಅವನದೇ. ದುಡ್ಡಿಲ್ಲದ ಕಾರಣ ಟೆಕ್ನಿಸ್ಕೋಪ್ ಎಂಬ ಪದ್ಧತಿ ಹಿಡಿದರು. ಮಾಮೂಲಿ ಚೌಕಟ್ಟು ಫಿಲ್ಮಿನ ಅಂಚಿನ ನಾಲ್ಕು ತೂತುಗಳಷ್ಟು ಎತ್ತರವಿದ್ದರೆ ಇದರಲ್ಲಿ ಎರಡೇ ತೂತು. ಫಿಲ್ಮಿನ ಖರ್ಚು ಅರ್ಧ, ಚಿತ್ರ ಮಾತ್ರ ಅಗಲ. ಮಾಮೂಲಿ ಲೆನ್ಸುಗಳನ್ನೇ ಹಾಕಬಹುದಾದ್ದರಿಂದ ಮುಖದ ತೀರಾ ಹತ್ತಿರ ಹೋಗಬಹುದಿತ್ತು. ಬಡತನದಿಂದ ಬಂದ ಈ ಅನುಕೂಲವನ್ನು ಲಿಯೋನೆ ಶೈಲಿ ಮಾಡಿಕೊಂಡ: ಬಯಲಿನಷ್ಟು ಅಗಲದ ಪರದೆಯ ತುಂಬ ಬೆವರಿನ ಹನಿ, ಕುರುಚಲು ಗಡ್ಡ, ಎರಡು ಕಣ್ಣು. ಎನ್ನಿಯೊ ಮೊರಿಕೋನೆ ದೊಡ್ಡ ವಾದ್ಯವೃಂದದ ಬದಲು ಸಿಳ್ಳೆ, ಚಾಟಿ, ಗಂಟೆ, ಎಲೆಕ್ಟ್ರಿಕ್ ಗಿಟಾರು ಇಟ್ಟುಕೊಂಡು ಕೂತರು.

ಇದನ್ನು ನಾನು ಮೊದಲು ನೋಡಿದ್ದು ಬಾಡಿಗೆ ಕ್ಯಾಸೆಟ್ಟಿನಲ್ಲಿ. ಟಿವಿಯ ಚೌಕ ಪರದೆಗೆಂದು ಚಿತ್ರದ ಎರಡೂ ಬದಿ ಕತ್ತರಿಸಿದ್ದರು. ಎದುರುಬದುರು ನಿಂತು ಗುಂಡು ಹಾರಿಸುವ ಜಾಗದಲ್ಲಿ ಒಬ್ಬನೇ ಇದ್ದಾನೆ. ಇನ್ನೊಬ್ಬನ ಮೂಗಿನ ತುದಿ ಮಾತ್ರ ಆಗಾಗ ಬಂದು ಹೋಗುತ್ತದೆ. ಗಾಳಿಗೆ ಗುಂಡು ಹೊಡೆಯುವವನ ಕತೆ ಇಷ್ಟು ಹೆಸರು ಮಾಡಿದ್ದೇಕೆಂದು ತಲೆ ಕೆರೆದುಕೊಂಡೆ.

ಈಗ ನನ್ನದೊಂದು ಪಥ್ಯವಿದೆ. ಶನಿವಾರ ರಾತ್ರಿ ‘ಹೈ ನೂನ್’ (1952) ನೋಡುವುದು. ಗ್ಯಾರಿ ಕೂಪರ್ ನೀಟಾಗಿ ಕ್ಷೌರ ಮಾಡಿಕೊಂಡ, ಎದೆಗೆ ತಾರೆ ಸಿಕ್ಕಿಸಿಕೊಂಡ ಮಾರ್ಷಲ್. ಊರು ಕೈಬಿಟ್ಟರೂ ಧರ್ಮ ಬಿಡದವನು. ಅವನ ಜೊತೆ ಮಲಗಿ ಎದ್ದು, ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಲಿಯೋನೆ. ಹೇಸರಗತ್ತೆ ಏರಿ, ಚುಟ್ಟಾ ಕಚ್ಚಿಕೊಂಡು, ಯಾರು ಹೆಚ್ಚು ಕೊಟ್ಟರೆ ಅವರ ಕಡೆ ಎನ್ನುವ ಈ ಹೆಸರಿಲ್ಲದವನು ಆಗ ಮಾತ್ರ 1964ರ ಪ್ರೇಕ್ಷಕನಿಗೆ ಕಂಡಂತೆ ನನಗೂ ಕಾಣುತ್ತಾನೆ. ಕಲೆಯಾದ ಪಾತ್ರೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದಂತೆ.

ಹೀಗೆ ತಿಕ್ಕಿ ತೊಳೆದ ಕಣ್ಣಿನಲ್ಲಿ ‘ಶೋಲೆ’ಗೆ ಮರಳಿದೆ. ಲಿಯೋನೆಯ ‘ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್’ (1968) ಚಿತ್ರದಲ್ಲಿ ಒಂದು ಸಂಸಾರವನ್ನೇ ಗುಂಡಿಟ್ಟು ಕೊಲ್ಲುತ್ತಾರೆ. ಕೊನೆಗೆ ಉಳಿದ ಹುಡುಗನ ಮೇಲೆ ಹಾರಿದ ಗುಂಡಿನ ಸದ್ದು ರೈಲಿನ ಸಿಳ್ಳೆಯೊಳಗೆ ಸೇರಿಹೋಗುತ್ತದೆ. ‘ಶೋಲೆ’ಯ ಠಾಕೂರನ ಮನೆಯಲ್ಲಿ ಆಗುವುದೂ ಅದೇ, ಆಮೇಲೆ ಬರುವುದೂ ರೈಲೇ. ಟೆಂಟಿನಲ್ಲಿ ಕೂತು ನಾನು ಅತ್ತದ್ದು ಇಟಲಿಯ ಸಾಲಕ್ಕೆ. ಆದರೆ ಖಾಲಿ ಉಯ್ಯಾಲೆಯ ಕಿರ್ರೆನ್ನುವ ಸದ್ದು ಇಲ್ಲಿಯದೇ. ಗಬ್ಬರ್ ಕೂಡ. ಅದುವರೆಗೆ ಹಿಂದಿಯ ಡಕಾಯಿತ ಸಾಮಾನ್ಯವಾಗಿ ಚಂಬಲ್ ಕಣಿವೆಯವನು. ಜಮೀನ್ದಾರನೋ ಸಾಹುಕಾರನೋ ಮಾಡಿದ ಅನ್ಯಾಯಕ್ಕೆ ಕೋವಿ ಹಿಡಿದವನು. ‘ಮದರ್ ಇಂಡಿಯಾ’, ‘ಗಂಗಾ ಜಮುನಾ’ ನೆನಪಿಸಿಕೊಳ್ಳಿ. ಸಲೀಂ–ಜಾವೇದ್ ಬರೆದ ಗಬ್ಬರ್‌ಗೆ ಹಿನ್ನೆಲೆಯೇ ಇಲ್ಲ, ಕಾರಣವೂ ಇಲ್ಲ. ರಮೇಶ್ ಸಿಪ್ಪಿ ಕಣಿವೆ ಬಿಟ್ಟು ನಮ್ಮ ರಾಮನಗರದ ಬೋಳು ಬಂಡೆಗಳಿಗೆ ಬಂದದ್ದು ಅವನಿಗೆ ಸರಿಹೊಂದಿತು.

‘ಶೋಲೆ’ ಬಂದ ಮೂರು ವರ್ಷದ ನಂತರ, 1978ರಲ್ಲಿ, ಕುರೊಸಾವಾ ನೇರವಾಗಿಯೇ ಕನ್ನಡಕ್ಕೆ ಬಂದರು. ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’. ಐತಿಹಾಸಿಕ ಚಿತ್ರವೆಂದರೆ ಕಿರೀಟ, ಸಿಂಹಾಸನ, ಉದ್ದುದ್ದ ಸಂಭಾಷಣೆ ಎಂದಿದ್ದ ನಮಗೆ ಕಾರ್ನಾಡರು ಕೊಟ್ಟದ್ದು ಒಬ್ಬರನ್ನೊಬ್ಬರು ಕಂಡರಾಗದ ಸಣ್ಣ ಸಾಮಂತ ಅಣ್ಣತಮ್ಮಂದಿರನ್ನು, ಹಸಿರು ಕಾಡನ್ನು, ಕೂಲಿಗೆ ಕಾದಾಡುವ ಗಂಡುಗಲಿಯನ್ನು. ಆ ಪಾತ್ರಕ್ಕೆ ಹೊಸಬ ಶಂಕರ್‌ನಾಗ್. ಎದುರಾಳಿ ಪೆರ್ಮಾಡಿಯಾಗಿ ಸುಂದರಕೃಷ್ಣ ಅರಸ್. 1979ರ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶಂಕರ್ ಅತ್ಯುತ್ತಮ ನಟರಾದರು. ಆಮೇಲೆ ಅವರು ಆಟೋ ರಾಜನಾದರು, ಸಾಂಗ್ಲಿಯಾನಾ ಆದರು. ಆ ಕತ್ತಿಯನ್ನು ಮತ್ತೆ ಯಾರೂ ಎತ್ತಿಕೊಳ್ಳಲಿಲ್ಲ. ನಮ್ಮ ಐತಿಹಾಸಿಕ ಚಿತ್ರಗಳು ಕಿರೀಟಕ್ಕೇ ಮರಳಿದವು.

ಯಾರೂ ಕಾಪಿ ಹೊಡೆಯದ ಕಾರಣ ಅದನ್ನು ನೋಡಲು ನನಗೆ ಹಿಂದಿನ ರಾತ್ರಿಯ ಪಥ್ಯ ಬೇಕಾಗಿಲ್ಲ. ಹೋದ ತಿಂಗಳು ಮಗಳಿಗೆ ತೋರಿಸಿದೆ. ಅರ್ಧದಲ್ಲಿ ಕೇಳಿದಳು, “ಅಪ್ಪ, ಇದು ಹೊಸ ಪಿಕ್ಚರ್ರಾ?” ಸಿಕ್ಕರೆ ನೀವೂ ನೋಡಿ.