ಬತ್ತಿ ಬದಲಿಸುವಾಗ

ರಾಣೆಬೆನ್ನೂರಿನ ನನ್ನ ದುರಸ್ತಿಯಂಗಡಿಯಲ್ಲಿ ಒಂದು ಹಳೆಯ ಆಸಿಲೋಸ್ಕೋಪು ಇರುವದು. ವಿದ್ಯುತ್ತಿನ ಏರಿಳಿತವನ್ನು ಪರದೆಯ ಮೇಲೆ ಹೊಳೆಯುವ ಗೆರೆಯಾಗಿ ತೋರಿಸುವ ಯಂತ್ರವಿದು. 1980ರ ದಶಕದ ಟೆಕ್ಟ್ರಾನಿಕ್ಸ್ 2465ಎ. ಅದರ ಹೊಟ್ಟೆಯಲ್ಲಿ ಪುಟ್ಟದೊಂದು ಲಿಥಿಯಂ ಸೆಲ್ಲುಂಟು. ಯಂತ್ರವು ನಿದ್ರಿಸುವಾಗಲೂ ಈ ಸೆಲ್ಲು ಎಚ್ಚರಿರಬೇಕು. ಏಕೆಂದರೆ ಗೆರೆಯ ಯಾವ ಎತ್ತರವನ್ನು ಒಂದು ವೋಲ್ಟೆಂದೂ ಯಾವ ಅಗಲವನ್ನು ಎಷ್ಟು ಕಾಲವೆಂದೂ ಎಣಿಸಬೇಕೆಂಬ ತಿದ್ದುಪಡಿಯ ಅಂಕೆಗಳೆಲ್ಲ ಅದರ ಬಲದಿಂದಲೇ ಯಂತ್ರದ ಸ್ಮೃತಿಯಲ್ಲಿ ಉಳಿದಿರುವವು. ಸೆಲ್ಲು ಸತ್ತರೆ ಯಂತ್ರವು ಸಾಯದು. ಗೆರೆಯನ್ನು ಎಳೆಯುತ್ತಲೇ ಇರುವದು, ಆದರೆ ಆ ಗೆರೆಯನ್ನು ನಂಬುವಂತಿಲ್ಲ.

ಈ ಪಾಠವನ್ನು ನಾನು ಬ್ಯಾಡಗಿಯಲ್ಲಿ ಕಲಿತೆನು. ಶುಲ್ಕ ತೆತ್ತವರು ಬೇರೆಯವರು. ಅಲ್ಲಿ ಮೆಣಸಿನಕಾಯಿ ಪೇಟೆಯ ಎಲೆಕ್ಟ್ರಾನಿಕ್ ತಕ್ಕಡಿಗಳನ್ನು ದುರಸ್ತಿ ಮಾಡುವ ಗೆಳೆಯನೊಬ್ಬನಿದ್ದಾನೆ. ಅವನಲ್ಲಿಯೂ ಇಂಥದೇ ಯಂತ್ರ. ಸೀನುತ್ತ ಸೀನುತ್ತ (ಪೇಟೆಯ ದಿನ ಅಲ್ಲಿ ಸೀನದವರಾರು?) ನಾನು ಅದರ ಹಳೆಯ ಸೆಲ್ಲನ್ನು ಕಿತ್ತು ಹೊಸದನ್ನು ಬೆಸೆದೆನು. ನಡುವೆ ಕಳೆದದ್ದು ಎರಡೇ ನಿಮಿಷ. ಅಷ್ಟರಲ್ಲಿ ಅಂಕೆಗಳೆಲ್ಲ ಅಳಿದುಹೋಗಿದ್ದವು. ಹಾವೇರಿಯಲ್ಲಿದ್ದ ನನ್ನ ಗುರುಗಳು, ಕೈ ನಡುಗುವ ವಯಸ್ಸಿನಲ್ಲಿ, ಮೂರು ದಿನ ಕುಳಿತು ಅದನ್ನು ಮತ್ತೆ ಹೊಂದಿಸಿಕೊಟ್ಟರು. ಬಯ್ಯಲಿಲ್ಲ. "ತಮ್ಮಾ, ನಂದಾದೀಪದ ಬತ್ತಿ ಬದಲಿ ಮಾಡೂಮುಂದ ನಿಮ್ಮವ್ವ ದೀಪಾ ಆರಿಸ್ತಿದ್ದಳೇನು?" ಎಂದರು, ಅಷ್ಟೆ.

ಆ ಗುರುಗಳು ಈಗಿಲ್ಲ. ನನ್ನ ಅಂಗಡಿಯ ಯಂತ್ರವನ್ನು ಕಡೆಯ ಸಲ ಹೊಂದಿಸಿದವರು ಅವರೇ. ಅದರೊಳಗಿನ ಅಂಕೆಗಳು ಅವರ ಕೈಯವು. ಕಳೆದ ಮಾಘದಲ್ಲಿ ಅಳೆದಾಗ, ಹೊಸದಿದ್ದಾಗ ಸುಮಾರು 3.6 ವೋಲ್ಟು ಕೊಡುವ ಸೆಲ್ಲು 2.9ಕ್ಕೆ ಇಳಿದಿತ್ತು. ಈ ಜಾತಿಯ ಸೆಲ್ಲು ವರ್ಷಗಟ್ಟಲೆ ಒಂದೇ ಮಟ್ಟದಲ್ಲಿದ್ದು ಕಡೆಗೆ ಒಮ್ಮೆಲೆ ಕುಸಿಯುವದು. 2 ವೋಲ್ಟಿನ ಕೆಳಗೆ ಇಂಥ ಸ್ಮೃತಿಯು ನಿಲ್ಲುವ ಭರವಸೆಯಿಲ್ಲ. ತಡಮಾಡುವಂತಿರಲಿಲ್ಲ, ಕೈಹಾಕಲು ಧೈರ್ಯವೂ ಇರಲಿಲ್ಲ.

ಮೊದಲು ಅಂಕೆಗಳನ್ನೆಲ್ಲ ಪರದೆಯ ಮೇಲೆ ಒಂದೊಂದಾಗಿ ತರಿಸಿ ವಹಿಯಲ್ಲಿ ಬರೆದುಕೊಂಡೆನು. ಒಂದು ಸಂಜೆ ಅದಕ್ಕೇ ಹೋಯಿತು. ಬಳಿಕ ಯಂತ್ರವನ್ನು ಆರಿಸಿ, ಎರಡು ಪೆನ್‌ಸೆಲ್ಲುಗಳನ್ನು ಡಯೋಡೊಂದರ ಮೂಲಕ ಹಳೆಯ ಸೆಲ್ಲಿಗೆ ಸಮಾಂತರವಾಗಿ ಜೋಡಿಸಿದೆನು. ಡಯೋಡೆಂದರೆ ಒಂದೇ ಕಡೆಗೆ ತೆರೆಯುವ ಬಾಗಿಲು. ಹಳೆಯದು ಇರುವ ತನಕ ಮುಚ್ಚಿರುವದು, ಅದು ಹೋದ ಕ್ಷಣವೇ ತೆರೆಯುವದು. ಸೋಲ್ಡರಿಂಗ್ ಐರನ್ನಿನ ತುದಿಯಲ್ಲಿ ಸೋರುವ ಕಿಂಚಿತ್ ವಿದ್ಯುತ್ತೂ ಸ್ಮೃತಿಯನ್ನು ಕೆಡಿಸೀತೆಂದು, ಅದನ್ನು ಕಾಯಿಸಿ, ಪ್ಲಗ್ಗು ಕಿತ್ತ ಮೇಲೆಯೇ ಮುಟ್ಟಿಸಿದೆನು. ಆದ್ದರಿಂದ ನಾಲ್ಕು ಸಲ ಕಾಯಿಸಬೇಕಾಯಿತು. ಹಳೆಯ ಸೆಲ್ಲು ಕೈಗೆ ಬಂದಾಗ ಮೀಟರಿನ ಕಡ್ಡಿಗಳನ್ನು ಇಟ್ಟು ನೋಡಿದೆನು: ಹಲಗೆಯ ಮೇಲೆ 2.5 ವೋಲ್ಟು ನಿಂತಿತ್ತು. ಆಗ ಉಸಿರು ಬಿಟ್ಟೆನು.

ಹೊಸ ಸೆಲ್ಲು ಕೂತ ಮೇಲೆ ಗುಂಡಿಯನ್ನೊತ್ತಿದೆನು. ಯಂತ್ರವು ತನ್ನ ಪರೀಕ್ಷೆಯನ್ನು ತಾನೇ ಮುಗಿಸಿ, ಯಾವ ದೋಷವನ್ನೂ ಹೇಳದೆ ಗೆರೆಯನ್ನೆಳೆಯಿತು. ವಹಿಯನ್ನು ತೆರೆದು ತಾಳೆ ನೋಡಿದೆನು, ಒಂದಂಕೆಯೂ ಬದಲಾಗಿರಲಿಲ್ಲ.

ಮರುದಿನ ಬ್ಯಾಡಗಿಯ ಗೆಳೆಯನಿಗೆ ಫೋನು ಮಾಡಿ, ಅವನ ಯಂತ್ರದ ಸೆಲ್ಲನ್ನೂ ಅಳೆದು ನೋಡೆಂದು ಹೇಳಿದೆನು. "ಅಳೀತೀನಿ. ನೀ ಮಾತ್ರ ಬರಬ್ಯಾಡಪಾ," ಎಂದು ಅವನು ನಕ್ಕನು.