ಕ್ಯಾಮೆರಾ ಒಗದು ಓಡಲೇ!

ಊಟ ಮುಗಿದಿದೆ. ತುಕ್ಕಾನಟ್ಟಿಯ ಈ ಮನೆಯ ಪಡಸಾಲೆಯಲ್ಲಿ ಡಿಪ್ಲೊಮಾ ಓದುವ ಹುಡುಗ ಲ್ಯಾಪ್‌ಟಾಪಿನ ವೈರನ್ನು ಟಿವಿಗೆ ಸಿಕ್ಕಿಸುತ್ತಿದ್ದಾನೆ. ಅವನ ಅಜ್ಜಿ ಎಲೆ ಅಡಿಕೆಯ ಸಂಚಿ ಬಿಚ್ಚಿಕೊಂಡು ಕಂಬಕ್ಕೆ ಒರಗಿದ್ದಾರೆ. ಕಾಕಾ ಬಾಗಿಲ ಹತ್ತಿರವೇ ಕೂತಿದ್ದಾರೆ. ರಾತ್ರಿ ಥ್ರೀ ಫೇಸ್ ಕರೆಂಟು ಬಂದರೆ ಕಬ್ಬಿಗೆ ನೀರು ಹಾಯಿಸಲು ಏಳಬೇಕು, ಬ್ಯಾಟರಿ ಪಕ್ಕದಲ್ಲೇ ಇದೆ. ಹೊರಗೆ ಎರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಗೋಡೆ ನಡುಗುವಷ್ಟು ಜೋರಾಗಿ ಹಾಡು ಹಾಕಿಕೊಂಡು ಕಾರ್ಖಾನೆಯತ್ತ ಹೊರಟಿದೆ. ಅದು ದಾಟುವವರೆಗೆ ಹುಡುಗ ಸಿನಿಮಾ ಶುರು ಮಾಡುವುದಿಲ್ಲ. ಇದನ್ನು ಕಿವಿಯಿಂದ ನೋಡಬೇಕು ಎನ್ನುತ್ತಾನೆ.

ಸಿನಿಮಾದ ಹೆಸರು ‘6-5=2’. ಕೆ.ಎಸ್. ಅಶೋಕ ನಿರ್ದೇಶಿಸಿದ್ದು, 2013ರ ನವೆಂಬರ್ 29ರಂದು ತೆರೆಗೆ ಬಂದದ್ದು. ದೊಡ್ಡ ನಟರಿಲ್ಲ, ಹಾಡಿಲ್ಲ, ಸೆಟ್ಟಿಲ್ಲ. ಆರು ಜನ ಗೆಳೆಯರು ಚಾರಣಕ್ಕೆ ಹೋಗುತ್ತಾರೆ. ಅವರು ಹಿಡಿದಿದ್ದ ಕ್ಯಾಮೆರಾ ಆಮೇಲೆ ಸಿಗುತ್ತದೆ. ಅದರೊಳಗೆ ಉಳಿದದ್ದೇ ನಾವು ನೋಡುವ ಸಿನಿಮಾ. ಕನ್ನಡಕ್ಕೆ ಈ ಬಗೆ ಆಗ ಹೊಸದು.

ಮೊದಲ ಅರ್ಧ ಗಂಟೆಯಲ್ಲೇ ಪಡಸಾಲೆಯ ತಾಳ್ಮೆ ಸಡಿಲವಾಗುತ್ತದೆ. ಹುಡುಗರು ಕಾಲೆಳೆಯುತ್ತಾರೆ, ಹುಡುಗಿಯರನ್ನು ರೇಗಿಸುತ್ತಾರೆ, ನಡೆಯುತ್ತಾರೆ, ಮತ್ತೆ ಹರಟುತ್ತಾರೆ.

“ದೆವ್ವ ಯಾವಾಗ ಬರತೈತೋ ತಮ್ಮಾ?” ಅಜ್ಜಿ ಕೇಳುತ್ತಾರೆ.

“ಇವ್ರ ಇನ್ನಾ ಹಾದ್ಯಾಗ ಅದಾರವ್ವಾ,” ಎನ್ನುತ್ತಾರೆ ಕಾಕಾ.

ಈ ಹರಟೆ ಬೇಡವೇ ಬೇಡ ಎನ್ನಲಾರೆ. ಮುಖಗಳು ಪರಿಚಯವಾಗದೆ ಅವರಿಗಾಗಿ ಜೀವ ಹಿಡಿದುಕೊಳ್ಳುವುದು ಹೇಗೆ? ಆದರೆ ಇದರ ಅರ್ಧದಷ್ಟು ಸಾಕಿತ್ತು. ನಗೆಮಾತುಗಳಲ್ಲಿ ಬಹಳಷ್ಟು ಬೆಂಗಳೂರಿನವು, ಇಲ್ಲಿ ಯಾರಿಗೂ ತಾಗದೆ ಹೋಗುತ್ತವೆ. ಅಜ್ಜಿಗೆ ಗೊತ್ತಿರುವ ದೆವ್ವದ ಸಿನಿಮಾ ಎಂದರೆ 1979ರ ‘ನಾ ನಿನ್ನ ಬಿಡಲಾರೆ’. ಅದರಲ್ಲಿ ಅನಂತನಾಗ್ ಮೈಮೇಲೆ ಬಂದದ್ದನ್ನು ಬಿಡಿಸಲು ಮಂತ್ರಾಲಯದ ರಾಯರಿದ್ದರು. ಇಲ್ಲಿ ಕಾಪಾಡುವವರು ಯಾರೂ ಕಾಣುತ್ತಿಲ್ಲವಲ್ಲ ಎಂದು ಅವರಿಗೆ ಈಗಲೇ ಕಸಿವಿಸಿ.

ದಾರಿ ತಪ್ಪುತ್ತದೆ. ಕಾಡಿನಲ್ಲಿ ರಾತ್ರಿಯಾಗುತ್ತದೆ. ಹುಡುಗ ಎದ್ದು ಪಡಸಾಲೆಯ ಲೈಟು ಆರಿಸುತ್ತಾನೆ.

ಈಗ ಪರದೆಯ ಮೇಲೆ ಹೆಚ್ಚೇನೂ ಇಲ್ಲ. ಒಂದಿಷ್ಟು ಬೆಳಕು, ಅದರೊಳಗೆ ಎಲೆ, ಅಲುಗುವ ನೆಲ, ಯಾರದೋ ಏದುಸಿರು. ಬೆಳಕಿನ ಅಂಚಿನಾಚೆ ಎಲ್ಲಿಯೋ ಸದ್ದಾಗುತ್ತದೆ. ಕ್ಯಾಮೆರಾ ಆ ಕಡೆ ತಿರುಗುವುದು ತಡವಾಗುತ್ತದೆ, ಕೂತವರ ಕುತ್ತಿಗೆಗಳು ಅದಕ್ಕಿಂತ ಮೊದಲೇ ಹೊರಳಿವೆ. ಅಜ್ಜಿಯ ಕೈಯಲ್ಲಿ ಸುಣ್ಣ ಹಚ್ಚಿದ ಎಲೆ ಹಾಗೇ ಇದೆ, ಬಾಯಿಗೆ ಹೋಗಿಲ್ಲ. ಕಾಕಾ ಮೊದಲ ಸಲ ಮುಂದಕ್ಕೆ ಸರಿದು ಕೂರುತ್ತಾರೆ.

“ಹಿಂಗs ಇರತೈತ್ರಿ, ಖರೇನ. ಬ್ಯಾಟರಿ ಬೆಳಕ ಮುಗದಲ್ಲೇ ಅಂಜಿಕಿ ಶುರು.”

ರಾತ್ರಿ ಪಾಳಿಯ ಕರೆಂಟಿಗೆ ಕಾದು, ಆಳೆತ್ತರದ ಕಬ್ಬಿನ ನಡುವೆ ಒಬ್ಬರೇ ಮಡೆ ತಿರುಗಿಸಿದ ಮನುಷ್ಯನ ಮಾತಿದು. ಹಣ ಸುರಿದ ಸಿನಿಮಾಗಳಲ್ಲಿ ಕಾಡಿನ ರಾತ್ರಿಗೂ ಎಲ್ಲಿಂದಲೋ ನೀಲಿ ಬೆಳಕು ಬಂದಿರುತ್ತದೆ, ಮರಗಳೆಲ್ಲ ಎಣಿಸುವಷ್ಟು ಸ್ಪಷ್ಟ. ಇಲ್ಲಿ ಕತ್ತಲನ್ನು ಕತ್ತಲಾಗಿಯೇ ಬಿಟ್ಟಿದ್ದಾರೆ. ನನ್ನ ಮಟ್ಟಿಗೆ ಈ ಸಿನಿಮಾದ ದೊಡ್ಡ ಗೆಲುವು ಇದೇ. 1999ರ ‘ಬ್ಲೇರ್ ವಿಚ್ ಪ್ರಾಜೆಕ್ಟ್’ ತೋರಿಸಿಕೊಟ್ಟ ದಾರಿಯೂ ಇದೇ. ಅದರಲ್ಲಿ ಮೂವರು ನಟರೇ ಕ್ಯಾಮೆರಾ ಹಿಡಿದು ಕಾಡಿಗೆ ಹೋದರು. ರಾತ್ರಿ ಅವರ ಡೇರೆಯ ಹೊರಗೆ ಸದ್ದು ಮಾಡಿ ಬೆಚ್ಚಿಬೀಳಿಸಿದವರು ನಿರ್ದೇಶಕರ ತಂಡದವರೇ. ದಿನದಿನಕ್ಕೆ ಅವರಿಗೆ ಕೊಡುವ ಊಟವನ್ನೂ ಕಡಿಮೆ ಮಾಡಿದರು. ಮಾಟಗಾತಿಯನ್ನು ಕೊನೆಯವರೆಗೂ ತೋರಿಸಲಿಲ್ಲ.

ತೆರೆಯ ಮೇಲೆ ಈಗ ಓಟ. ಚಿತ್ರ ಎಷ್ಟು ಕುಲುಕುತ್ತದೆ ಎಂದರೆ ಯಾರು ಬಿದ್ದರು, ಯಾರು ಕೂಗಿದರು ಒಂದೂ ಗೊತ್ತಾಗುವುದಿಲ್ಲ. ಹೆದರಿಕೆ ಜಾರಿ ತಲೆಸುತ್ತು ಬರುತ್ತದೆ. ಅಜ್ಜಿ ತಡೆಯಲಾರದೆ ಕೂಗಿಯೇಬಿಡುತ್ತಾರೆ:

“ಆ ಕ್ಯಾಮೆರಾ ಒಗದು ಓಡಲೇ, ಮಂಗ್ಯಾ!”

ಎಲ್ಲರೂ ನಗುತ್ತಾರೆ, ಆದರೆ ಅಜ್ಜಿ ಹಿಡಿದದ್ದು ಸಿನಿಮಾದ ಮರ್ಮಸ್ಥಾನವನ್ನೇ. ಜೀವಕ್ಕೆ ಕುತ್ತು ಬಂದಾಗಲೂ ಯಾಕೆ ಚಿತ್ರೀಕರಿಸುತ್ತಾನೆ? ‘ಬ್ಲೇರ್ ವಿಚ್’ ಇದನ್ನು ಎದುರಿಸಿತ್ತು: ಕ್ಯಾಮೆರಾದ ಮೂಲಕ ನೋಡಿದರೆ ಎದುರಿರುವುದು ಪೂರ್ತಿ ನಿಜವಲ್ಲ ಎನಿಸುತ್ತದೆ, ಕ್ಯಾಮೆರಾ ಹಿಡಿದ ಹುಡುಗಿ ಅದಕ್ಕೇ ಅದನ್ನು ಬಿಡಲಾರಳು ಎಂದು ಅವಳ ಜೊತೆಗಾರನ ಬಾಯಲ್ಲೇ ಹೇಳಿಸಿತ್ತು. ನಮ್ಮ ಸಿನಿಮಾದಲ್ಲಿ ಅಜ್ಜಿ ಒಪ್ಪುವಂಥ ಕಾರಣ ಸಿಗುವುದಿಲ್ಲ.

ನಡೆದದ್ದೇ ಇದು ಎಂದು ಈ ಸಿನಿಮಾ ಹೇಳಿಕೊಂಡು ಬಂದದ್ದೂ ನನಗೆ ಸರಿಬರುವುದಿಲ್ಲ. ಸತ್ತವರ ಹೆಸರಿನಲ್ಲಿ ಬೇಡಿದ ಭಯ ಅದು. ಕತ್ತಲು ಅಷ್ಟು ಚೆನ್ನಾಗಿ ದುಡಿಯುತ್ತಿರುವಾಗ ಅದರ ಅಗತ್ಯ ಏನಿತ್ತು?

ಮುಗಿಯುತ್ತದೆ. ಲೈಟು ಬಂದ ಮೇಲೆ ಅಜ್ಜಿ ಬೆರಳು ಮಡಚುತ್ತಾರೆ. “ಆರರಾಗ ಐದ ಹ್ವಾದ್ರ ಒಂದs. ಇನ್ನೊಂದ ಎಲ್ಲಿಂದ ಬಂತು?” ಯಾರೂ ಉತ್ತರ ಹೇಳುವುದಿಲ್ಲ. ಒಂದು ರೂಪಾಯಿ ಖರ್ಚಿಲ್ಲದೆ, ಬರೀ ಹೆಸರಿನಿಂದ ಹೆದರಿಸಿದ ಸಿನಿಮಾ ಕನ್ನಡದಲ್ಲಿ ಬೇರೆ ನೆನಪಾಗುತ್ತಿಲ್ಲ. ಮರುವರ್ಷ ಅದೇ ಹೆಸರಿನಲ್ಲಿ ಹಿಂದಿಗೂ ಹೋಯಿತು. ಅಶೋಕ ಅವರು 2020ರಲ್ಲಿ ‘ದಿಯಾ’ ಮಾಡಿದರು. ಪ್ರೇಮಕಥೆಯಾದರೂ ಅಲ್ಲಿಯೂ ಹಾಡು ಬೇಕು ಎನಿಸಲಿಲ್ಲ ಅವರಿಗೆ.

ಹುಡುಗ ವೈರು ಸುತ್ತುತ್ತ, ನಮ್ಮ ಕಬ್ಬಿನ ಗದ್ದೆಯಲ್ಲೇ ಇಂಥದ್ದೊಂದು ಮಾಡಬೇಕು, ಫೋನಿನಲ್ಲೇ, ಎನ್ನುತ್ತಾನೆ. ಡ್ರೋನ್ ಬಾಡಿಗೆಗೆ ಸಿಗುತ್ತದಂತೆ. ಅಜ್ಜಿಯ ಷರತ್ತು ಒಂದೇ: “ನಡಕ ನಗಿಸಾಕ ಹೋಗಬ್ಯಾಡ.” ಡ್ರೋನ್ ಬಿಡು, ಮೊದಲು ಒಂದು ಒಳ್ಳೆಯ ಮೈಕ್ ತಗೋ ಎನ್ನುತ್ತೇನೆ ನಾನು. ಒಣಗರಿ ಒಂದಕ್ಕೊಂದು ಉಜ್ಜುವ ಸದ್ದು ಫೋನಿನ ಮೈಕಿನಲ್ಲಿ ಗಾಳಿಯ ಗೊರಗೊರ ಆಗಿಬಿಡುತ್ತದೆ.

“ಎಷ್ಟಕ್ಕ ಸಿಗತೈತ್ರಿ ಮೈಕ್?” ಎಂದು ಅವನಿಗಿಂತ ಮೊದಲು ಕಾಕಾ ಕೇಳುತ್ತಾರೆ.